ಮರಳುಗಾಡಿನಲ್ಲಿ ಕಪ್ಪೆ ಎಣಿಸಿ ಬಂದೆ, ಈಗ ತೋಟದಲ್ಲಿ ಎಣಿಸಲು ಯಾರು ಬರುತ್ತೀರಿ?

ಮಡಿಕೇರಿ ಟೀಚರ್ · ಮೇ 24, ರಾತ್ರಿ 8:40

ಹೋದ ತಿಂಗಳು ಒಬ್ಬರು ಕೇಳಿದ್ದರು, ತೋಟದಲ್ಲಿ ಎಷ್ಟು ಬಗೆಯ ಕಪ್ಪೆ, ಹಾವು, ಓತಿ ಇವೆ ಅಂತ ಲೆಕ್ಕ ಹಾಕುವುದು ಹೇಗೆ ಅಂತ. ಉತ್ತರ ಬರೆಯಲು ಕೂತೆ, ಆಗಲಿಲ್ಲ. ಯಾಕೆಂದರೆ ನಾನು ಈ ಕೆಲಸ ಕಲಿತದ್ದು ಇಲ್ಲಿ ಅಲ್ಲ, ರಾಜಸ್ಥಾನದ ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿ. ಜಿಗಣೆ ಕಚ್ಚಿಸಿಕೊಂಡು ಬೆಳೆದವಳು ಕಪ್ಪೆ ಎಣಿಸಲು ಮರಳುಗಾಡಿಗೆ ಹೋದಳು ಅಂತ ಮನೆಯಲ್ಲಿ ಇವತ್ತಿಗೂ ನಗುತ್ತಾರೆ.

ಆ ಉದ್ಯಾನ 3162 ಚದರ ಕಿ.ಮೀ. ಇದೆ. ಕೊಡಗು ಜಿಲ್ಲೆ ಪೂರ್ತಿ ಸೇರಿಸಿದರೆ 4102. ಅಂದರೆ ಮುಕ್ಕಾಲು ಕೊಡಗಿನಷ್ಟು ಜಾಗ. ಜೈಸಲ್ಮೇರ್ ಮತ್ತು ಬಾಡ್‌ಮೇರ್ ಎರಡು ಜಿಲ್ಲೆಗೂ ಸೇರಿದೆ. ಹೆಸರಿಗೆ ರಾಷ್ಟ್ರೀಯ ಉದ್ಯಾನ, ಕಾನೂನಿನ ಲೆಕ್ಕದಲ್ಲಿ ವನ್ಯಜೀವಿ ಧಾಮ. ಒಳಗೆ ಊರುಗಳಿವೆ, ಕುರಿ, ಮೇಕೆ, ಒಂಟೆ ಇವೆ. ಹೋದವರೆಲ್ಲ ಎರೆಭೂತ ಹಕ್ಕಿ ಹುಡುಕುತ್ತಾರೆ. ನಮ್ಮ ತಂಡ ನೆಲ ನೋಡಿಕೊಂಡು ನಡೆಯುತ್ತಿತ್ತು.

ಮೊದಲ ಸಲ ಹೋದದ್ದು ಏಪ್ರಿಲ್‌ನಲ್ಲಿ. ಐದು ರಾತ್ರಿ ಟಾರ್ಚ್ ಹಿಡಿದು ನಡೆದೆವು. ಕಪ್ಪೆ ಸೊನ್ನೆ. ಐದು ರಾತ್ರಿಯೂ ಸೊನ್ನೆ. ಅದನ್ನು ಸುಮ್ನೆ ಬರೆದು ಮಲಗುವ ಹಾಗಿಲ್ಲ. ಎಷ್ಟು ಜನ ನಡೆದೆವು, ಎಷ್ಟು ಹೊತ್ತು, ಮರಳಿನ ಬಿಸಿ ಎಷ್ಟಿತ್ತು, ಗಾಳಿ ಇತ್ತಾ, ಚಂದ್ರ ಇದ್ದನಾ, ಇಷ್ಟೂ ಬರೆದ ಮೇಲೆ ಸೊನ್ನೆ. ಇದಕ್ಕಾಗಿ ಅಷ್ಟು ದೂರ ರೈಲಿನಲ್ಲಿ ಬರಬೇಕಿತ್ತಾ ಅಂತ ನನಗೆ ಸಿಟ್ಟೇ ಬಂದಿತ್ತು.

ಎರಡನೇ ಸಲ ಹೋದದ್ದು ಜುಲೈ ಕೊನೆಗೆ. ಒಂದು ಸಂಜೆ ಮುಕ್ಕಾಲು ಗಂಟೆ ಮಳೆ ಬಂತು. ರಾತ್ರಿ ಅದೇ ದಾರಿ, ಅದೇ ಜನ, ಅದೇ ಹೊತ್ತು. ಊರ ಹೊಂಡಕ್ಕೆ ಅಲ್ಲಿ ನಾಡಿ ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಬಿರುಕು ಬಿಟ್ಟಿದ್ದ ಆ ನಾಡಿಯ ಸುತ್ತ ಪಕ್ಕದವರ ಮಾತು ಕೇಳದಷ್ಟು ಗದ್ದಲ! ಗೋಂದರು ಕಪ್ಪೆಗಳು. ಟಾರ್ಚ್ ಬಿಟ್ಟಲ್ಲೆಲ್ಲ ಕಣ್ಣು. ಏಪ್ರಿಲ್‌ನ ಸೊನ್ನೆಗಳನ್ನು ಬರೆಯದೆ ಬಿಟ್ಟಿದ್ದರೆ ಈ ಗದ್ದಲ ಊಟದ ಹೊತ್ತಿಗೆ ಹೇಳುವ ಕಥೆ ಆಗುತ್ತಿತ್ತು, ಅಷ್ಟೆ.

ಈ ಮಳೆಗಾಲದಲ್ಲಿ ನಮ್ಮ ನಾಲ್ಕೈದು ತೋಟಗಳಲ್ಲಿ ಒಂದೇ ರೀತಿಯಲ್ಲಿ ಎಣಿಸೋಣ ಅಂತ ನನ್ನ ಆಸೆ. ಯಾರು ಬರುತ್ತೀರಿ?

ಸೋಮವಾರಪೇಟೆ ತೋಟದವ · ಮೇ 24, ರಾತ್ರಿ 9:15

ಟೀಚರ್, ಓದಲು ಚೆನ್ನಾಗಿದೆ. ಆದರೆ ಎರಡು ಸಂಶಯ. ಒಂದು, ಆ ಕಪ್ಪೆ ಮಳೆ ಇಲ್ಲದ ಹತ್ತು ತಿಂಗಳು ಎಲ್ಲಿರುತ್ತದೆ, ಏನು ತಿನ್ನುತ್ತದೆ? ಎರಡು, ನಮ್ಮಲ್ಲಿ ಎಣಿಸುವುದು ಯಾಕೆ? ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಕಪ್ಪೆ ಸದ್ದಿಗೆ ಫೋನಿನಲ್ಲಿ ಮಾತಾಡಲು ಆಗುವುದಿಲ್ಲ. ಇವೆ ಅಂತ ಗೊತ್ತಲ್ಲ, ಅಷ್ಟು ಸಾಲದಾ?

ಕುಶಾಲನಗರ ಕಿಟ್ಟಿ · ಮೇ 24, ರಾತ್ರಿ 9:22

ಸೊನ್ನೆ ಬರೆಯಲು ನಾನು ರೆಡಿ. ಲೆಕ್ಕದ ಪರೀಕ್ಷೆಯಲ್ಲಿ ಅಭ್ಯಾಸ ಇದೆ.

ಮಡಿಕೇರಿ ಟೀಚರ್ · ಮೇ 24, ರಾತ್ರಿ 10:05

ಕಿಟ್ಟಿ, ಹೆಸರು ಬರೆದುಕೊಂಡೆ. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

ತೋಟದಣ್ಣ, ನೀವು ಮಳೆಯನ್ನು ಇಂಚು ಸೆಂಟಿನಲ್ಲಿ (ನೂರು ಸೆಂಟಿಗೆ ಒಂದು ಇಂಚು) ಅಳೆಯುವವರು, ನಿಮ್ಮ ಲೆಕ್ಕದಲ್ಲೇ ಹೇಳುತ್ತೇನೆ. ಜೈಸಲ್ಮೇರ್ ಕಡೆ ವರ್ಷಕ್ಕೆ ಬೀಳುವುದು ಎಂಟು ಇಂಚಿನ ಆಸುಪಾಸು ಅಷ್ಟೆ. ಮಡಿಕೇರಿಯಲ್ಲಿ ಜುಲೈನ ಎರಡು ಮೂರು ಜೋರು ದಿನಕ್ಕೆ ಅಷ್ಟು ಬಿದ್ದು ಹೋಗುತ್ತದೆ. ಅದೂ ಅಲ್ಲಿ ಬಹುಪಾಲು ಜುಲೈಯಿಂದ ಸೆಪ್ಟೆಂಬರ್ ಒಳಗೇ ಬೀಳುವುದು. ಉಳಿದ ಕಾಲ ಕಪ್ಪೆ ನೆಲದೊಳಗೆ. ಬಿಲ ತೋಡುವ ಕಪ್ಪೆ ಒಂದಿದೆ, ಅದರ ಹಿಂಗಾಲಿನಲ್ಲಿ ಸಲಿಕೆಯ ಹಾಗೆ ಒಂದು ಗಟ್ಟಿ ಗಂಟು. ಕೂತಲ್ಲೇ ಹಿಂದಕ್ಕೆ ಮಣ್ಣು ಕೆದರುತ್ತಾ ತಿರುಗುತ್ತಾ ಇಳಿಯುತ್ತದೆ. ಮೇಲೆ ಮರಳು ಸುಡುತ್ತಿದ್ದರೂ ಕೆಳಗೆ ಒಂದಿಷ್ಟು ಪಸೆ ಇರುತ್ತದೆ. ಅಲ್ಲಿ ಉಸಿರು ನಿಧಾನ ಮಾಡಿಕೊಂಡು ಮಲಗುವುದು. ತಿನ್ನುವುದು ಇಲ್ಲ, ಓಡಾಟ ಇಲ್ಲ. ಮಳೆ ಬಂದರೆ ಮೇಲೆ ಬಂದು ಹೊಂಡ ಒಣಗುವುದರೊಳಗೆ ಮೊಟ್ಟೆ, ಗೊದಮೊಟ್ಟೆ, ಮರಿ ಎಲ್ಲ ಮುಗಿಯಬೇಕು.

ನಮ್ಮಲ್ಲೂ ಇದರ ಸಣ್ಣ ರೂಪ ಇದೆಯಲ್ಲ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ರಾತ್ರಿ ಕಾಫಿ ಗಿಡದಿಂದ ಟಿಕ್ ಟಿಕ್ ಅಂತ ಕೂಗು ಶುರುವಾಗುತ್ತದೆ. ಹಿಂದಿನ ದಿನ ಏನೂ ಇರುವುದಿಲ್ಲ.

ಎರಡನೇ ಪ್ರಶ್ನೆಗೆ. ಇವೆ ಅಂತ ಗೊತ್ತು, ಸರಿ. ಯಾವುದು ಇದೆ? ಕೊಡಗಿನ ಹಳದಿ ಪೊದೆಗಪ್ಪೆಗೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದೇ 2003ರಲ್ಲಿ. ಅದಕ್ಕೂ ಮೊದಲು ನಿಮ್ಮ ಅಪ್ಪ, ಅಜ್ಜ ಎಲ್ಲ ಅದರ ಕೂಗು ಕೇಳಿಯೇ ಮಲಗಿದ್ದಾರೆ. ಕಪ್ಪೆ ಸಣ್ಣದು ಬಿಡಿ. ಕಾಳಿಂಗ ಸರ್ಪ ನೋಡಿ, ಹದಿಮೂರು ಅಡಿ ಹಾವು. ನಮ್ಮ ಪಶ್ಚಿಮ ಘಟ್ಟದ್ದು ಬೇರೆಯೇ ಜಾತಿ ಅಂತ ಹೆಸರಿಟ್ಟದ್ದು 2024ರಲ್ಲಿ. ಕನ್ನಡದ ಕಾಳಿಂಗ ಅನ್ನುವ ಹೆಸರನ್ನೇ ಇಟ್ಟರು.

ನಿವೃತ್ತ ಹವಾಲ್ದಾರ್, ಪೊನ್ನಂಪೇಟೆ · ಮೇ 25, ಬೆಳಿಗ್ಗೆ 6:10

ಜೈಸಲ್ಮೇರ್ ಅಂತ ಓದಿ ನಿದ್ದೆ ಹಾರಿತು. ನಾನು ಆ ಕಡೆ ಎರಡು ವರ್ಷ ಇದ್ದವನು. ಲೋಂಗೇವಾಲಾ ಅಂದರೆ ನಮಗೆ 1971ರ ಡಿಸೆಂಬರ್‌ನ ಕಾಳಗ. ಬೇರೆ ಏನೂ ನೆನಪಿಗೆ ಬರುವುದಿಲ್ಲ.

ಬೆಳಿಗ್ಗೆ ಶೂ ಕೊಡವದೆ ಕಾಲು ಹಾಕಬಾರದು ಅಂತ ಮೊದಲ ದಿನವೇ ಹೇಳಿಕೊಟ್ಟಿದ್ದರು. ಚೇಳು, ಮತ್ತೆ ಆ ಸಣ್ಣ ಮಂಡಲದ ಹಾವು. ಗಾತ್ರ ನೋಡಿದರೆ ಏನೂ ಇಲ್ಲ. ಮೈ ಉಜ್ಜಿ ಗರಗರ ಅಂತ ಸದ್ದು ಮಾಡುತ್ತದೆ, ಕಬ್ಬಿಣಕ್ಕೆ ಅರ ಹಾಕಿದ ಹಾಗೆ. ಗಡಿಯಲ್ಲಿ ಮರಳನ್ನು ಸಂಜೆ ಎಳೆದು ನಯ ಮಾಡಿ ಇಡುತ್ತಿದ್ದರು, ಬೆಳಿಗ್ಗೆ ಯಾರ ಹೆಜ್ಜೆ ಇದೆ ಅಂತ ನೋಡಲು. ನಾವು ಮನುಷ್ಯರ ಹೆಜ್ಜೆ ಹುಡುಕಿದರೆ ಸಿಗುತ್ತಿದ್ದದ್ದು ಪೂರ್ತಿ ಹಾವಿನದ್ದೇ. ನೀವೂ ಹೀಗೆ ಮಾಡಿದಿರಾ ಮೇಡಂ?

ಮಡಿಕೇರಿ ಟೀಚರ್ · ಮೇ 25, ಮಧ್ಯಾಹ್ನ 1:30

ಸರ್, ಅದನ್ನೇ ಮಾಡಿದೆವು! ಸಂಜೆ ಒಂದು ಮುಳ್ಳಿನ ಪೊದೆಯನ್ನು ಹಗ್ಗ ಕಟ್ಟಿ ಎಳೆದು ಮರಳನ್ನು ಸ್ಲೇಟಿನ ಹಾಗೆ ಒರೆಸುವುದು. ಬೆಳಿಗ್ಗೆ ಸೂರ್ಯ ಹುಟ್ಟುವಾಗ ಓದುವುದು. ಆಗ ಬೆಳಕು ಅಡ್ಡ ಬೀಳುತ್ತದೆ, ಕೂದಲಿನಷ್ಟು ಗೆರೆಗೂ ನೆರಳಿರುತ್ತದೆ. ಒಂಬತ್ತು ಗಂಟೆಗೆ ಗಾಳಿ ಎದ್ದರೆ ಎಲ್ಲ ಅಳಿಸಿ ಹೋಯಿತು.

ನೀವು ಹೇಳಿದ ಆ ಸಣ್ಣ ಹಾವು ಗರಗಸ ಮಂಡಲ, ಅದರ ಗುರುತು ಹಾವಿನ ಗುರುತಿನ ಹಾಗೇ ಇರುವುದಿಲ್ಲ. ಅದು ಅಡ್ಡಡ್ಡ ಹಾರಿ ಹೋಗುವುದಲ್ವಾ, ಹಾಗಾಗಿ ಕೊಕ್ಕೆಯಂಥ ಗೆರೆಗಳು ಒಂದರ ಪಕ್ಕ ಒಂದು ಬಿದ್ದಿರುತ್ತವೆ, ಒಂದಕ್ಕೊಂದು ಸೇರಿರುವುದಿಲ್ಲ. ಮಣ್ಣುಮುಕ್ಕ ಹಾವಿನದ್ದು ದಪ್ಪ ಗೆರೆ, ಹೆಚ್ಚು ಬಳುಕಾಟ ಇಲ್ಲ. ಉಡ ಹೋದರೆ ಎರಡು ಸಾಲು ಪಾದ, ನಡುವೆ ಬಾಲ ಎಳೆದ ಗೀಟು. ಮರಳಿನಲ್ಲಿ ಈಜುವ ಒಂದು ಹಾವುರಾಣಿ ಇದೆ, ಅದು ಮೇಲೆ ಬರುವುದೇ ಅಪರೂಪ. ಅದು ಹೋದ ದಾರಿ ಅಜ್ಜಂದಿರ ಕೈ ನರದ ಹಾಗೆ ಉಬ್ಬಿರುತ್ತದೆ.

ನಿಮ್ಮ ಲೋಂಗೇವಾಲಾಕ್ಕೆ ಬರುತ್ತೇನೆ. ಆ ಊರಿನ ಹೆಸರು ಹೊತ್ತ ಒಂದು ಓತಿ ಇದೆ. ಕಪ್ಪೆಯ ಹಾಗೆ ಚಪ್ಪಟೆ ಮುಖ, ಮೈಬಣ್ಣ ಥೇಟ್ ಮರಳು. ಮರಳ ದಿಬ್ಬ ಬಿಟ್ಟು ಬೇರೆ ಕಡೆ ಇರುವುದಿಲ್ಲ. ಓಡುತ್ತಾ ಓಡುತ್ತಾ ನಿಂತು ಮೈ ಗಡಗಡ ನಡುಗಿಸುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಒಳಗೆ ಇಳಿದಿರುತ್ತದೆ. ಪುಟ್ಟ ಪುಟ್ಟ ಪಾದದ ಗುರುತು ಬಂದು ಬಂದು ತಟ್ಟನೆ ನಿಂತಿದ್ದರೆ ಓತಿ ಅಲ್ಲೇ ಇದೆ, ಕಾಲಿಡಬೇಡಿ.

ನನ್ನ ಮಾನ ಹೋದ ಕಥೆಯನ್ನೂ ಹೇಳಿಬಿಡುತ್ತೇನೆ. ಮೂರನೇ ದಿನ ಒಂದು ಉದ್ದ ಗೆರೆ ನೋಡಿ ಖುಷಿಯಿಂದ ಫೋಟೋ ತೆಗೆದು, ಅಳತೆ ಹಿಡಿದು, ದೊಡ್ಡ ಹಾವು ಅಂತ ಬರೆದೆ. ನಮ್ಮ ಜೊತೆ ಬರುತ್ತಿದ್ದ ಕುರಿ ಕಾಯುವ ಅಜ್ಜ ಬಗ್ಗಿ ನೋಡಿ ನಗಲು ಶುರು ಮಾಡಿದರು. ಒಂಟೆ ಎಳೆದುಕೊಂಡು ಹೋದ ಹಗ್ಗ ಅದು. ಅಜ್ಜ ಆಮೇಲೆ ಒಂಟೆಯ ಹೆಜ್ಜೆಯನ್ನೂ ತೋರಿಸಿದರು. ನಾನು ಗೆರೆ ನೋಡುವ ಭರದಲ್ಲಿ ಅಷ್ಟು ದೊಡ್ಡ ಹೆಜ್ಜೆಯ ಮೇಲೇ ನಿಂತಿದ್ದೆ.

ಕುಶಾಲನಗರ ಕಿಟ್ಟಿ · ಮೇ 25, ಮಧ್ಯಾಹ್ನ 1:41

ಹಗ್ಗ ಕಂಡು ಹಾವೆಂದು ಹೆದರುವುದನ್ನು ಕೇಳಿದ್ದೆವು. ಖುಷಿ ಪಟ್ಟವರು ನೀವೊಬ್ಬರೇ ಅಕ್ಕ.

ಪೊದೆಗಪ್ಪೆ · ಮೇ 25, ಸಂಜೆ 5:20

ನಾನು ಎಂ.ಎಸ್ಸಿ. ವಿದ್ಯಾರ್ಥಿನಿ, ಊರು ಭಾಗಮಂಡಲ ಹತ್ತಿರ. ಮೇಡಂ, ನಮ್ಮಲ್ಲಿ ಮರಳು ಇಲ್ಲ, ಗುರುತು ಓದಲು ಆಗುವುದಿಲ್ಲ. ಬಕೆಟ್ ಹೂತು ಇಡುವ ವಿಧಾನ ಸರಿಹೋಗಬಹುದಾ? ತಗಡಿನ ಬೇಲಿ ಹಾಕಿ, ಬೇಲಿ ಪಕ್ಕ ಬಕೆಟ್ ನೆಲಮಟ್ಟಕ್ಕೆ ಹೂಳುವುದು. ಅಡ್ಡ ಬಂದ ಪ್ರಾಣಿ ಬೇಲಿ ಹಿಡಿದು ನಡೆದು ಬಕೆಟ್‌ಗೆ ಬೀಳುತ್ತದೆ, ಎಣಿಸಿ ಬಿಡುವುದು. ನೀವು ಅಲ್ಲಿ ಮಾಡಿದಿರಾ?

ಮಡಿಕೇರಿ ಟೀಚರ್ · ಮೇ 25, ರಾತ್ರಿ 7:50

ಮಾಡಿದೆವು ಮಗಾ, ಅನುಮತಿ ಇತ್ತು. ಆದರೆ ನನಗೆ ಆ ವಿಧಾನದ ಮೇಲೆ ಅಷ್ಟು ಪ್ರೀತಿ ಇಲ್ಲ. ಬೇಸಿಗೆ ಮಧ್ಯಾಹ್ನ ಮರಳಿನ ಮೇಲ್ಮೈ 60 ಡಿಗ್ರಿ ದಾಟುತ್ತದೆ. ಬಕೆಟ್‌ಗೆ ಬಿದ್ದ ಹಲ್ಲಿ ಬೆಂದೇ ಹೋಗುತ್ತದೆ. ಹಾಗಾಗಿ ಬೆಳಕು ಹರಿಯುವಾಗಲೇ ಎಲ್ಲ ಬಕೆಟ್ ನೋಡಬೇಕು, ಬಿಸಿಲೇರುವ ಮೊದಲು ಮುಚ್ಚಳ ಹಾಕಬೇಕು. ಒಂದು ದಿನ ಜೀಪ್ ಮರಳಿನಲ್ಲಿ ಹೂತು ನಾವು ತಡವಾಗಿ ತಲುಪಿದೆವು. ಒಂದು ಹಲ್ಲಿ ಸತ್ತಿತ್ತು. ಅದನ್ನೂ ಬರೆದೆವು.

ಭಾಗಮಂಡಲದಲ್ಲಿ ಉಲ್ಟಾ. ಬಕೆಟ್ ಒಂದು ರಾತ್ರಿಯಲ್ಲಿ ತುಂಬಿ ಮುಳುಗುತ್ತದೆ. ತಳಕ್ಕೆ ತೂತು ಕೊರೆದರೂ ಜೂನ್ ಜುಲೈ ಮಳೆಗೆ ಸಾಲುವುದಿಲ್ಲ, ನೆಲದ ನೀರೇ ಕೆಳಗಿಂದ ಉಕ್ಕುತ್ತದೆ. ನಿಮ್ಮ ಕಡೆ ಕಿವಿಯೇ ಮುಖ್ಯ ಸಾಧನ. ಮರಳುಗಾಡಿನಲ್ಲಿ ನಾವು ಕಣ್ಣಿನಿಂದ ಮಾಡಿದ ಕೆಲಸವನ್ನು ಇಲ್ಲಿ ಕಿವಿಯಿಂದ ಮಾಡಬೇಕು. ಒಂದೇ ಜಾಗದಲ್ಲಿ ಹತ್ತು ನಿಮಿಷ ಟಾರ್ಚ್ ಆರಿಸಿ ನಿಲ್ಲಿ. ಯಾವ ಕೂಗು, ಎಷ್ಟು ಕಡೆಯಿಂದ ಅಂತ ಬರೆಯಿರಿ. ಫೋನಿನಲ್ಲಿ ರೆಕಾರ್ಡ್ ಮಾಡಿ. ಹೆಸರು ಗೊತ್ತಿಲ್ಲದಿದ್ದರೆ 'ಟಿಕ್ ಟಿಕ್, ಸೊಂಟದೆತ್ತರ, ಕಾಫಿ ಎಲೆ ಮೇಲೆ' ಅಂತ ಬರೆದರೂ ಸಾಕು.

ಇನ್ನೊಂದು ಮಾತು. ಪೊದೆಗಪ್ಪೆಯನ್ನು ನೀರಿನ ಹತ್ತಿರ ಮಾತ್ರ ಹುಡುಕಬೇಡಿ. ಅದಕ್ಕೆ ಗೊದಮೊಟ್ಟೆ ಹಂತ ಹೊರಗೆ ಇಲ್ಲ, ಮೊಟ್ಟೆಯಿಂದ ನೇರ ಮರಿಯೇ ಬರುತ್ತದೆ. ಗಾಳಿಯಲ್ಲಿ ತೇಲಿ ಹಾರುವ ಹಸಿರು ಕಪ್ಪೆ ಬೇಕಾದರೆ ತೋಟದ ಕೆರೆ, ನೀರಿನ ತೊಟ್ಟಿ ಮೇಲೆ ಬಾಗಿದ ಕೊಂಬೆ ನೋಡಿ. ಎಲೆಗಳ ನಡುವೆ ಸೋಪಿನ ನೊರೆಯಂಥ ಉಂಡೆ ಇದ್ದರೆ ಅದೇ ಗೂಡು.

ಸೋಮವಾರಪೇಟೆ ತೋಟದವ · ಮೇ 25, ರಾತ್ರಿ 8:30

ಆ ನೊರೆ ನಮ್ಮ ತೊಟ್ಟಿ ಮೇಲೆ ಪ್ರತಿವರ್ಷ ಇರುತ್ತದೆ! ಯಾವುದೋ ಹುಳ ಅಂತ ಕೆಲಸದವರಿಗೆ ಹೇಳಿ ಕೊಂಬೆ ಕಡಿಸುತ್ತಿದ್ದೆ. ಛೆ.

ಬಕೆಟ್ ಹೂಳುವುದು ಬೇಡ, ನನ್ನ ಹತ್ತಿರ ನೂರಾರು ಗುಂಡಿ ಇವೆ. ಮಳೆ ನೀರು ಇಂಗಲು ಕಾಫಿ ಸಾಲಿನ ನಡುವೆ ತೊಟ್ಟಿಲು ಗುಂಡಿ ತೆಗೆಸಿದ್ದೇನಲ್ಲ. ಬೆಳಿಗ್ಗೆ ನೋಡಿದರೆ ಅದರಲ್ಲಿ ಹಾವುರಾಣಿ, ಕಪ್ಪೆ, ಏಡಿ ಎಲ್ಲ ಇರುತ್ತವೆ. ಹೋದ ವರ್ಷ ಗುಂಡಿ ಕೆಸರು ತೆಗೆಯುವಾಗ ಒಂದು ವಿಚಿತ್ರ ಸಿಕ್ಕಿತು. ಒಂದೂವರೆ ಗೇಣು ಉದ್ದ, ಎರೆಹುಳದ ಹಾಗೆ ಉಂಗುರ ಉಂಗುರ ಮೈ, ಪಕ್ಕಕ್ಕೆ ಒಂದು ಹಳದಿ ಪಟ್ಟೆ, ಮುಟ್ಟಿದರೆ ಲೋಳೆ. ಹುಡುಗರು ವಿಷದ ಹಾವು ಅಂತ ಹೊಡೆದು ಹಾಕಿದರು.

ಮಡಿಕೇರಿ ಟೀಚರ್ · ಮೇ 25, ರಾತ್ರಿ 8:52

ಅಣ್ಣ, ಅದು ಹಾವೇ ಅಲ್ಲ. ಸಿಸಿಲಿಯನ್ ಅಂತ, ಕಪ್ಪೆಯ ನೆಂಟ. ಕಾಲಿಲ್ಲ, ಕಣ್ಣು ಕಂಡೂ ಕಾಣದಷ್ಟು ಸಣ್ಣದು. ಎರೆಹುಳ, ಗೆದ್ದಲು ತಿಂದುಕೊಂಡು ಮಣ್ಣಿನೊಳಗೇ ಇರುತ್ತದೆ. ಕಚ್ಚಿ ಮನುಷ್ಯರನ್ನು ಕೊಲ್ಲುವಂಥ ಪ್ರಾಣಿ ಅಲ್ಲ. ಇಂಥದ್ದು ಮರಳುಗಾಡಿನಲ್ಲಿ ಎಷ್ಟು ಹುಡುಕಿದರೂ ಇಲ್ಲ, ಅದಕ್ಕೆ ಒದ್ದೆ ಮಣ್ಣೇ ಬೇಕು. ನಿಮ್ಮ ಗುಂಡಿಯಲ್ಲಿ ಸಿಕ್ಕಿದ್ದು ನಮ್ಮ ಲೆಕ್ಕದ ಮೊದಲ ಸಾಲು ಆಗಬೇಕಿತ್ತು.

ತೊಟ್ಟಿಲು ಗುಂಡಿ ಎಣಿಕೆ ಎಷ್ಟು ಒಳ್ಳೆಯ ಉಪಾಯ! ನನಗೆ ಹೊಳೆದಿರಲಿಲ್ಲ. ಇಪ್ಪತ್ತು ಗುಂಡಿಗೆ ನಂಬರ್ ಹಾಕಿ. ದಿನಾ ಬೆಳಿಗ್ಗೆ ಅದೇ ಇಪ್ಪತ್ತನ್ನೇ ನೋಡಿ. ಖಾಲಿ ಇದ್ದದ್ದನ್ನೂ ಬರೆಯಿರಿ. ಬಿದ್ದ ಪ್ರಾಣಿ ಹತ್ತಿ ಹೋಗಲು ಒಂದು ಕೊಂಬೆ ಇಳಿಬಿಡಿ.

ವಿರಾಜಪೇಟೆ ಡಾಕ್ಟರ್ · ಮೇ 26, ಬೆಳಿಗ್ಗೆ 7:05

ಎಲ್ಲರ ಉತ್ಸಾಹ ಚೆನ್ನಾಗಿದೆ, ನಡುವೆ ನಾನೊಂದು ಕಹಿ ಮಾತು ಹೇಳಬೇಕು. ನಮ್ಮ ದೇಶದ ಹಾವಿನ ಔಷಧಿ ನಾಲ್ಕು ಹಾವುಗಳ ವಿಷಕ್ಕೆ ಅಂತ ಮಾಡಿದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಹವಾಲ್ದಾರ್ ಸರ್ ಹೇಳಿದ ಮರಳುಗಾಡಿನ ಗರಗಸ ಮಂಡಲ ಮತ್ತು ಅಲ್ಲಿನ ಸಿಂಧ್ ಕಟ್ಟುಹಾವಿನ ವಿಷಕ್ಕೆ ಆ ಔಷಧಿ ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2019ರಲ್ಲಿ ತೋರಿಸಿದರು. ಒಂದೇ ಹೆಸರಿನ ಹಾವಾದರೂ ಊರು ಬದಲಾದರೆ ವಿಷ ಬದಲಾಗುತ್ತದೆ.

ನಮ್ಮಲ್ಲಿ ಕಾಫಿ ಗಿಡದಲ್ಲಿ, ಏಲಕ್ಕಿ ಬುಡದಲ್ಲಿ ಇರುವ ಗುಳಿಮಂಡಲಗಳಿಗೆ ಈ ಔಷಧಿ ಆಗುವುದಿಲ್ಲ. ಹಾಗಂತ ಮನೆಯಲ್ಲಿ ಕೂರಬೇಡಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಬೇರು ಅರೆದು ಹಚ್ಚುವುದು ಯಾವುದೂ ಬೇಡ. ಕೈಕಾಲು ಅಲುಗಾಡಿಸದೆ ಆಸ್ಪತ್ರೆಗೆ ಬನ್ನಿ. ಹಾವನ್ನು ಹಿಡಿದು ತರಬೇಡಿ, ಆದರೆ ದೂರದಿಂದ ಫೋಟೋ ತೆಗೆಯಿರಿ. ಎಣಿಸಲು ಹೋಗುವವರು ಗಂಬೂಟ್ ಹಾಕಿ. ಯಾವ ತೋಟದಲ್ಲಿ ಯಾವ ಹಾವು ಅನ್ನುವ ನಿಮ್ಮ ಪಟ್ಟಿ ನನಗೂ ಬೇಕು. ಅದು ನನ್ನ ಸ್ವಾರ್ಥ.

ಬಾಣೆ ಹುಡುಗ · ಮೇ 26, ಬೆಳಿಗ್ಗೆ 9:30

ಪಟ್ಟಿ ಎಲ್ಲ ಇಲ್ಲೇ ಹಾಕೋಣ. ಫೋಟೋ, ಜಾಗ, ಮ್ಯಾಪ್ ಎಲ್ಲ. ಎಲ್ಲರಿಗೂ ನೋಡಲು ಸಿಗಲಿ.

ಮಡಿಕೇರಿ ಟೀಚರ್ · ಮೇ 26, ಬೆಳಿಗ್ಗೆ 10:15

ಇದಕ್ಕೆ ನಾನು ಒಪ್ಪುವುದಿಲ್ಲ ತಮ್ಮ. ಅಲ್ಲಿ ಮುಳ್ಳುಬಾಲದ ಓತಿ ಇದೆ, ಸಾಂಡಾ ಅನ್ನುತ್ತಾರೆ. ಹುಲ್ಲು ಎಲೆ ತಿಂದುಕೊಂಡಿರುವ ಪಾಪದ ಪ್ರಾಣಿ. ಅದರ ಕೊಬ್ಬಿನಿಂದ ತೆಗೆದ ಎಣ್ಣೆಯನ್ನು ಕೀಲುನೋವಿಗೆ ಅಂತ ನಮ್ಮ ಜಾತ್ರೆಗಳಲ್ಲೂ ಮಾರುವುದನ್ನು ನೀವು ನೋಡಿರಬಹುದು. ಅದರ ಬಿಲ ಎಣಿಸುವುದು ಸುಲಭ. ಬಾಯಿಯ ಹತ್ತಿರ ಹೊಸ ಹಿಕ್ಕೆ ಇದ್ದರೆ ವಾಸ ಇದೆ, ಜೇಡರ ಬಲೆ ಇದ್ದರೆ ಖಾಲಿ. ನಾವು ನೂರಾರು ಬಿಲ ಗುರುತು ಮಾಡಿದೆವು. ಆ ನಕ್ಷೆ ಯಾರ ಫೋನಿನಲ್ಲೂ ಉಳಿಯಬಾರದು ಅಂತ ತಂಡದವರು ಕಟ್ಟುನಿಟ್ಟು ಮಾಡಿದ್ದರು. ಸುಲಭವಾಗಿ ಎಣಿಸಬಹುದಾದದ್ದನ್ನು ಸುಲಭವಾಗಿ ಅಗೆಯಲೂಬಹುದು.

ನಮ್ಮಲ್ಲಿ ಎರಡು ತಲೆ ಹಾವು ಅಂತ ಮಣ್ಣುಮುಕ್ಕವನ್ನು ಲಕ್ಷಗಟ್ಟಲೆಗೆ ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಆಗಾಗ ಬರುತ್ತದಲ್ವಾ. ಇಲ್ಲಿ ತಾಲ್ಲೂಕಿನ ಹೆಸರು ಸಾಕು. ತೋಟದ ಹೆಸರು, ಮ್ಯಾಪ್ ಬೇಡ.

ಮತ್ತೆ ಯಾರೂ ಏನನ್ನೂ ಹಿಡಿಯುವ ಹಾಗಿಲ್ಲ. ಹಾವು ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಧಾಮಗಳ ಒಳಗೆ ಕಾಲಿಡಲೂ ಬೇಕು. ದೇವರಕಾಡಿಗೆ ಊರವರನ್ನು ಕೇಳದೆ ಹೋಗಬೇಡಿ. ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವಾಗ ಬೂಟಿನ ಮಣ್ಣು ತೊಳೆದು ಒಣಗಿಸಿ. ಕಪ್ಪೆಗಳಿಗೆ ಚರ್ಮದ ಶಿಲೀಂಧ್ರ ರೋಗ ಒಂದಿದೆ, ಕೆಸರಿನ ಜೊತೆ ಅದೂ ಹರಡಬಹುದು.

ನಿವೃತ್ತ ಹವಾಲ್ದಾರ್, ಪೊನ್ನಂಪೇಟೆ · ಮೇ 26, ಸಂಜೆ 4:00

ಆದೇಶ ಸ್ಪಷ್ಟವಾಗಿದೆ. ನಾನು ಬರುತ್ತೇನೆ. ಒಂದು ಕೇಳಬೇಕಿತ್ತು, ಅಲ್ಲಿ ಕಾಲುಚೀಲಕ್ಕೆ ಅಂಟುತ್ತಿದ್ದ ಆ ಮುಳ್ಳು ಹುಲ್ಲು ಈಗಲೂ ಇದೆಯಾ?

ಮಡಿಕೇರಿ ಟೀಚರ್ · ಮೇ 26, ಸಂಜೆ 4:20

ಭುರಟ್! ಇದೆ ಸರ್. ಸಂಜೆ ಅದನ್ನು ಕೀಳುತ್ತಾ ಕೂತಾಗ ಜಿಗಣೆ ಎಷ್ಟೋ ವಾಸಿ ಅನಿಸುತ್ತಿತ್ತು. ಜಿಗಣೆಯಾದರೆ ಉಪ್ಪು ಹಾಕಿದರೆ ಬೀಳುತ್ತದೆ.

ಸೋಮವಾರಪೇಟೆ ತೋಟದವ · ಮೇ 28, ರಾತ್ರಿ 9:40

ಎರಡು ದಿನ ಅಟ್ಟ ಹುಡುಕಿದೆ. ಅಪ್ಪನ ಮಳೆ ಪುಸ್ತಕಗಳು ಸಿಕ್ಕಿದವು, 1964ರಿಂದ ಇವೆ. ದಿನಾ ಬೆಳಿಗ್ಗೆ ಎಂಟಕ್ಕೆ ಮಳೆ ಅಳೆದು ಬರೆಯುತ್ತಿದ್ದರು. ಇಂಚು, ಸೆಂಟು. ಬೇಸಿಗೆಯಲ್ಲಿ ಸಾಲು ಸಾಲು ಸೊನ್ನೆ, ಒಂದು ದಿನವೂ ಬಿಟ್ಟಿಲ್ಲ. ಚಿಕ್ಕವನಿದ್ದಾಗ ಮಳೆ ಬರದಿದ್ದರೆ ಯಾಕೆ ಬರೆಯುವುದು ಅಂತ ಕೇಳಿ ಬೈಸಿಕೊಂಡಿದ್ದೆ.

ವಿಷಯ ಅದಲ್ಲ. ಕೆಲವು ವರ್ಷ ಮಾರ್ಚ್ ಏಪ್ರಿಲ್ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಎರಡೇ ಪದ ಇದೆ: 'ಕಪ್ಪೆ ಕೂಗಿತು.' ಇದರಿಂದ ನಿಮಗೆ ಏನಾದರೂ ಪ್ರಯೋಜನ ಇದೆಯಾ ಟೀಚರ್?

ಪೊದೆಗಪ್ಪೆ · ಮೇ 28, ರಾತ್ರಿ 9:44

ಅಂಕಲ್, ಆ ಪುಸ್ತಕ ದಯವಿಟ್ಟು ಒದ್ದೆ ಮಾಡಬೇಡಿ. ನಾಳೆಯೇ ಬರುತ್ತೇನೆ.

ಮಡಿಕೇರಿ ಟೀಚರ್ · ಮೇ 28, ರಾತ್ರಿ 10:02

ನಾನೂ ಬರುತ್ತೇನೆ. ಯಾವ ಕಪ್ಪೆ ಅಂತ ಅದರಲ್ಲಿ ಇಲ್ಲ, ಆದರೆ ಮೊದಲ ಕೂಗಿನ ತಾರೀಕು, ಹಿಂದಿನ ದಿನದ ಮಳೆ, ಅದಕ್ಕೂ ಹಿಂದಿನ ಸೊನ್ನೆಗಳು ಎಲ್ಲ ಇವೆ. ನಾವು ಮರಳುಗಾಡಿನಲ್ಲಿ ಎರಡು ಸಲ ಹೋಗಿ ಬರೆದದ್ದನ್ನು ನಿಮ್ಮ ಅಪ್ಪ ಪ್ರತಿವರ್ಷ ಮನೆ ಜಗಲಿಯಲ್ಲಿ ನಿಂತು ಬರೆದಿದ್ದಾರೆ.

ಸೋಮವಾರಪೇಟೆ ತೋಟದವ · ಜೂನ್ 6, ರಾತ್ರಿ 10:30

ಮೊದಲ ರಾತ್ರಿಯ ವರದಿ. ಮಳೆ 1 ಇಂಚು 40 ಸೆಂಟ್. ಜನ ನಾಲ್ಕು, ಅದರಲ್ಲಿ ಕಿಟ್ಟಿ ಒಬ್ಬ. ಹೊತ್ತು 7:30ರಿಂದ 8:30. ಗಾಳಿ ಇಲ್ಲ, ಮೋಡ ಇತ್ತು. ಟಿಕ್ ಟಿಕ್ ಕೂಗು ಹನ್ನೊಂದು ಕಡೆ. ತೊಟ್ಟಿ ಮೇಲೆ ನೊರೆ ಗೂಡು ಎರಡು, ಕೊಂಬೆ ಕಡಿಸಿಲ್ಲ. ದಾರಿಯಲ್ಲಿ ಗೋಂದರು ಕಪ್ಪೆ ಆರು. ಕೇರೆ ಹಾವು ಒಂದು, ಕೋಳಿಗೂಡಿನ ಮಾಡಿನಲ್ಲಿ ಮಲಗಿತ್ತು, ಹೆಂಡತಿಗೆ ಹೇಳಿಲ್ಲ.

ಗುಳಿಮಂಡಲ ಸೊನ್ನೆ. ಉಂಗುರ ಮೈಯದ್ದು ಸೊನ್ನೆ. ಎರಡನ್ನೂ ಬರೆದಿದ್ದೇನೆ.